ನನ್ನ ಆರೋಗ್ಯದ ಹೊಣೆ ನನ್ನದು ಎಂದರೆ, ನಿಜವಾಗಿ ಎಷ್ಟು ನನ್ನದು?

ಪ್ರಶ್ನೆ
ಹೊಸ್ತಿಲಲ್ಲಿ ನಿಂತವನು

ನನಗೆ ಈಗ 46 ವರ್ಷ. ಎರಡು ತಿಂಗಳ ಹಿಂದೆ ಬೆನ್ನುನೋವಿಗೆಂದು ವೈದ್ಯರ ಬಳಿ ಹೋಗಿದ್ದಾಗ ರಕ್ತದೊತ್ತಡ 152/96 ಇರುವುದು ತಿಳಿಯಿತು. ಎರಡು ವಾರ ಬಿಟ್ಟು ಮತ್ತೆ ನೋಡಿದಾಗಲೂ ಅದು ಹೆಚ್ಚುಕಡಿಮೆ ಅಷ್ಟೇ ಇತ್ತು. ಜೊತೆಗೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ, ಅಂದರೆ ಕಳೆದ ಕೆಲವು ತಿಂಗಳ ಸಕ್ಕರೆಯ ಅಳತೆ, 6.2 ಎಂದು ಬಂದಿದೆ. ಇದು ಇನ್ನೂ ಸಕ್ಕರೆ ಕಾಯಿಲೆಯಲ್ಲ, ಆದರೆ ಅದರ ಹೊಸ್ತಿಲು ಎಂದು ವೈದ್ಯರು ವಿವರಿಸಿದರು. ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ನಾನು ಎದ್ದು ಹೊರಡುವಾಗ "ಇನ್ನು ಮುಂದಿನದೆಲ್ಲ ನಿಮ್ಮ ಕೈಯಲ್ಲೇ ಇದೆ" ಎಂದರು. ಧೈರ್ಯ ತುಂಬಲೆಂದೇ ಅವರು ಹಾಗೆ ಹೇಳಿರಬೇಕು. ಆದರೆ ಅಂದಿನಿಂದ ಆ ಮಾತು ನನಗೆ ಎದೆಯ ಮೇಲೆ ಕಲ್ಲಿಟ್ಟಂತಾಗಿದೆ.

ಮನೆಯಲ್ಲಿ ವಿಷಯ ತಿಳಿಸಿದಾಗ ನನ್ನ ಅಣ್ಣ, "ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ" ಎಂದ. ಅವನ ದನಿಯಲ್ಲಿ ಕಹಿಯೇನೂ ಇರಲಿಲ್ಲ. ಆದರೂ ಗಾದೆಯನ್ನು ತಿರುಗಿಸಿ ಹಿಡಿದರೆ ಹೊರಡುವ ಅರ್ಥವೇ ನನಗೆ ಮೊದಲು ಕೇಳಿಸಿತು: ನಿನಗೆ ರೋಗ ಬಂದಿದೆ ಎಂದರೆ ನೀನು ಊಟ ಬಲ್ಲವನಲ್ಲ, ಬಾಳುವುದನ್ನೂ ಬಲ್ಲವನಲ್ಲ. ನಮ್ಮ ತಾಯಿಗೂ ಅವರ ನಲವತ್ತರ ಹರೆಯದಲ್ಲೇ ರಕ್ತದೊತ್ತಡ ಏರಿತ್ತು. ನನ್ನ ಕೆಲಸವೋ, ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕುಳಿತು ಮಾಡುವಂಥದ್ದು. ಇವನ್ನೆಲ್ಲ ಹೇಳಿದರೆ ನೆಪ ಹೇಳಿದಂತಾಗುತ್ತದೆ, ಹೇಳದಿದ್ದರೆ ಎಲ್ಲವನ್ನೂ ನಾನೇ ಮಾಡಿಕೊಂಡೆ ಎಂದು ಒಪ್ಪಿಕೊಂಡಂತಾಗುತ್ತದೆ.

ಈ ಇಕ್ಕಟ್ಟಿನಲ್ಲಿ ನಾನು ನಡೆದುಕೊಂಡ ರೀತಿಯೂ ಸರಿಯಿರಲಿಲ್ಲ. ಮೊದಲು ನಾಚಿಕೆಯಾಯಿತು. ಕೊಲೆಸ್ಟರಾಲ್ ಪರೀಕ್ಷೆಯ ವರದಿ ಕೈಗೆ ಬಂದು ಎಂಟು ದಿನವಾದರೂ ಲಕೋಟೆ ಒಡೆಯಲಿಲ್ಲ. ಆಮೇಲೆ ಒಂದು ರಾತ್ರಿ ಇದ್ದಕ್ಕಿದ್ದಂತೆ ಎಲ್ಲವನ್ನೂ ಬದಲಿಸಿಬಿಡಬೇಕೆಂಬ ಹಠ ಹುಟ್ಟಿತು. ದೂರವಾಣಿಯಲ್ಲಿ ನಾಲ್ಕು ಆ್ಯಪ್‌ಗಳನ್ನು ಹಾಕಿಕೊಂಡು ಹೆಜ್ಜೆ, ನಿದ್ದೆ, ತುತ್ತು, ನಾಡಿ ಎಲ್ಲವನ್ನೂ ಎಣಿಸತೊಡಗಿದೆ, ದಿನಕ್ಕೆ ಹತ್ತು ಹನ್ನೆರಡು ಬಾರಿ ರಕ್ತದೊತ್ತಡ ನೋಡಿಕೊಂಡೆ, ಸಂಖ್ಯೆ ಏರಿದಾಗಲೆಲ್ಲ ಬೆವರಿದೆ. ಹದಿನೇಳನೆಯ ದಿನಕ್ಕೆ ಸುಸ್ತಾಗಿ ಎಲ್ಲವನ್ನೂ ಬಿಟ್ಟೆ. ಈಗ ಮಾತ್ರೆಯೂ ನಡುನಡುವೆ ತಪ್ಪುತ್ತಿದೆ.

ಅನುಭವವುಳ್ಳವರಲ್ಲಿ ನನ್ನ ವಿನಂತಿ ಇಷ್ಟು. ಆರೋಗ್ಯದ ಹೊಣೆ ಹೊರುವುದು ಎಂದರೆ ಪ್ರತಿದಿನದ ಲೆಕ್ಕದಲ್ಲಿ ಏನು ಮಾಡುವುದು? ಆ ಹೊಣೆ ಎಲ್ಲಿ ಮುಗಿದು ವೈದ್ಯರದ್ದು, ಮನೆಯವರದ್ದು, ಕೆಲಸದ ಜಾಗದ್ದು ಎಲ್ಲಿ ಶುರುವಾಗುತ್ತದೆ? ನನ್ನನ್ನು ನಾನೇ ಹಳಿದುಕೊಳ್ಳದೆ ಇದನ್ನು ಮಾಡಲು ಸಾಧ್ಯವೇ?

---

ಉತ್ತರ 1
ನಿವೃತ್ತ ಶುಶ್ರೂಷಕಿ

ಮೂವತ್ತೊಂದು ವರ್ಷ ವಾರ್ಡಿನಲ್ಲೂ ಹೊರರೋಗಿ ವಿಭಾಗದಲ್ಲೂ ಕೆಲಸ ಮಾಡಿದವಳು ನಾನು. ನಿಮ್ಮ ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ಉಳಿದ ಎರಡರ ತೂಕ ಕಡಿಮೆಯಾಗುವುದೂ ಅದರಿಂದಲೇ ಎಂದು ನನ್ನ ನಂಬಿಕೆ.

ಮಾತ್ರೆಯ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ನೀವು ಅದನ್ನು ಕೊನೆಯ ಸಾಲಿನಲ್ಲಿ ಸಣ್ಣದಾಗಿ ಬರೆದಿದ್ದರೂ. ದೀರ್ಘಕಾಲದ ಕಾಯಿಲೆಗಳಿಗೆ ಬರೆದುಕೊಟ್ಟ ಔಷಧವನ್ನು ಹೇಳಿದಂತೆ ತೆಗೆದುಕೊಳ್ಳುವವರು ಶ್ರೀಮಂತ ದೇಶಗಳಲ್ಲಿಯೂ ಸರಾಸರಿ ಅರ್ಧದಷ್ಟು ಮಂದಿ ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ವರದಿ ಮಾಡಿತ್ತು. ಆದ್ದರಿಂದ ಮಾತ್ರೆ ತಪ್ಪುವುದು ನಿಮ್ಮೊಬ್ಬರ ದೌರ್ಬಲ್ಯವಲ್ಲ. ಆದರೆ ತಪ್ಪಿದ್ದನ್ನು ಮುಚ್ಚಿಡುವುದರಿಂದ ಆಗುವ ಹಾನಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಾರದಲ್ಲಿ ಮೂರು ದಿನ ಮಾತ್ರೆ ಬಿಟ್ಟವರು ವೈದ್ಯರೆದುರು "ದಿನವೂ ತೆಗೆದುಕೊಳ್ಳುತ್ತಿದ್ದೇನೆ" ಎನ್ನುತ್ತಾರೆ. ಒತ್ತಡ ಇಳಿದಿಲ್ಲವಲ್ಲ ಎಂದು ವೈದ್ಯರು ಪ್ರಮಾಣ ಹೆಚ್ಚಿಸುತ್ತಾರೆ ಅಥವಾ ಎರಡನೆಯ ಔಷಧ ಸೇರಿಸುತ್ತಾರೆ. ರೋಗಿ ಆಮೇಲೊಂದು ದಿನ ಹೆದರಿಕೆಯಿಂದ ಎಲ್ಲವನ್ನೂ ಚಾಚೂ ತಪ್ಪದೆ ನುಂಗಿದಾಗ ಒತ್ತಡ ಒಮ್ಮೆಗೇ ಕುಸಿದು ತಲೆ ಸುತ್ತಿ ಬೀಳುತ್ತಾರೆ. ವೈದ್ಯರು ತಮ್ಮೆದುರು ಇಟ್ಟ ಮಾಹಿತಿಯ ಮೇಲೆ ತೀರ್ಮಾನ ಮಾಡುತ್ತಾರೆ. ಆ ಮಾಹಿತಿ ನಿಜವಾಗಿರುವಂತೆ ನೋಡಿಕೊಳ್ಳುವುದು ಬೇರೆ ಯಾರಿಂದಲೂ ಆಗದ, ನಿಮ್ಮೊಬ್ಬರಿಂದಲೇ ಆಗುವ ಕೆಲಸ. ಆರೋಗ್ಯದ ಹೊಣೆಯಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಾಣುವುದಿಲ್ಲ.

ಎರಡನೆಯದು ಅಳೆಯುವ ಕ್ರಮ. ದಿನಕ್ಕೆ ಹನ್ನೆರಡು ಬಾರಿ ನೋಡಿಕೊಂಡರೆ ತಿಳಿಯುವುದು ಆತಂಕದ ಏರಿಳಿತ ಮಾತ್ರ. ಅಳೆಯುವ ಮುನ್ನ ಅರ್ಧ ಗಂಟೆ ಕಾಫಿ, ಹೊಗೆಸೊಪ್ಪು, ವ್ಯಾಯಾಮ ಯಾವುದೂ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆಯಿರುವಂತೆ, ಎರಡೂ ಪಾದಗಳು ನೆಲಕ್ಕೆ ತಾಗಿರುವಂತೆ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಬಟ್ಟೆಯ ಮೇಲೆ ಪಟ್ಟಿ ಸುತ್ತದೆ ಬರಿ ತೋಳಿಗೆ ಸುತ್ತಿ, ತೋಳು ಹೃದಯದ ಮಟ್ಟದಲ್ಲಿ ಮೇಜಿನ ಮೇಲೆ ಒರಗಿರಲಿ. ಯಂತ್ರ ಓಡುವಾಗ ಮಾತನಾಡಬೇಡಿ. ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ, ಬೆಳಿಗ್ಗೆ ಮಾತ್ರೆಗೆ ಮೊದಲು ಮತ್ತು ಸಂಜೆ, ಹೀಗೆ ಏಳು ದಿನ ಅಳೆದು ಬರೆದಿಡಿ. ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯಲ್ಲಿ ತೆಗೆದ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಏರಿದ ಒತ್ತಡವೆಂದೇ ಎಣಿಸುತ್ತಾರೆ. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಬಳಸುವ ಗೆರೆ 140/90. ಆ ಒಂದು ಹಾಳೆಯನ್ನು ವೈದ್ಯರಿಗೆ ಕೊಟ್ಟು, ಯಂತ್ರವನ್ನು ಪೆಟ್ಟಿಗೆಯಲ್ಲಿಡಿ. ಮುಂದೆ ಯಾವಾಗ ಅಳೆಯಬೇಕೆಂದು ಅವರನ್ನೇ ಕೇಳಿ.

ಎಚ್‌ಬಿಎ1ಸಿ ವಿಷಯದಲ್ಲೂ ಹೀಗೆಯೇ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಆ ಕಣದೊಳಗಿನ ಹಿಮೋಗ್ಲೋಬಿನ್ನಿಗೆ ಸಕ್ಕರೆ ಎಷ್ಟು ಅಂಟಿಕೊಂಡಿದೆ ಎಂಬುದನ್ನು ಈ ಪರೀಕ್ಷೆ ತೋರಿಸುತ್ತದೆ. ಅಂದರೆ ಅದು ಕಳೆದ ಎರಡು ಮೂರು ತಿಂಗಳ ಒಟ್ಟು ಚಿತ್ರವೇ ಹೊರತು ನಿನ್ನೆಯ ಊಟದ ತೀರ್ಪಲ್ಲ. 5.7ರಿಂದ 6.4ರವರೆಗೆ ಹೊಸ್ತಿಲು, 6.5 ಮತ್ತು ಮೇಲ್ಪಟ್ಟು ಸಕ್ಕರೆ ಕಾಯಿಲೆ ಎಂಬುದು ಹೆಚ್ಚು ಬಳಕೆಯಲ್ಲಿರುವ ಮಾನದಂಡ. ನಿಮ್ಮ 6.2 ನಿಮಗೆ ಸಮಯ ಕೊಟ್ಟಿರುವ ಸಂಖ್ಯೆ. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಇದೇ ಹೊಸ್ತಿಲಲ್ಲಿದ್ದ 3,234 ಜನರನ್ನು ಸುಮಾರು ಮೂರು ವರ್ಷ ಗಮನಿಸಿದರು. ವಾರಕ್ಕೆ 150 ನಿಮಿಷದ ಬಿರುಸು ನಡಿಗೆಯಂಥ ಚಟುವಟಿಕೆ, ದೇಹತೂಕದಲ್ಲಿ ಶೇಕಡಾ 7ರಷ್ಟು ಇಳಿಕೆ ಎಂಬ ಗುರಿಯಿಟ್ಟುಕೊಂಡವರಲ್ಲಿ ಸಕ್ಕರೆ ಕಾಯಿಲೆ ಬರುವುದು ಶೇಕಡಾ 58ರಷ್ಟು ತಗ್ಗಿತು. ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶೇಕಡಾ 31ರಷ್ಟು. ನಾನು ಯಾರಿಗೂ ಉಪದೇಶ ಮಾಡುವ ಮೊದಲು ಈ ಎರಡು ಸಂಖ್ಯೆಗಳನ್ನು ಹೇಳುತ್ತಿದ್ದೆ, ಏಕೆಂದರೆ ಅವು ಭಯ ಹುಟ್ಟಿಸದೆ ಆಸೆ ಹುಟ್ಟಿಸುತ್ತವೆ.

ಮತ್ತೊಂದು ಮಾತು ಬೆನ್ನುನೋವಿನ ಬಗ್ಗೆ. ನೀವಾಗಿಯೇ ನೋವಿನ ಮಾತ್ರೆ ಕೊಂಡು ನುಂಗುತ್ತಿದ್ದೀರಾ? ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳು ಉಪ್ಪನ್ನೂ ನೀರನ್ನೂ ದೇಹದಲ್ಲಿ ಹಿಡಿದಿಟ್ಟು ರಕ್ತದೊತ್ತಡ ಏರಿಸಬಲ್ಲವು, ಒತ್ತಡ ಇಳಿಸುವ ಔಷಧದ ಕೆಲಸಕ್ಕೆ ಅಡ್ಡ ಬರಬಲ್ಲವು, ಮೂತ್ರಪಿಂಡಕ್ಕೂ ಒಳ್ಳೆಯದಲ್ಲ. ನೀವು ಬಾಯಿಗೆ ಹಾಕಿಕೊಳ್ಳುವ ಪ್ರತಿಯೊಂದು ಮಾತ್ರೆ, ಪುಡಿ, ಕಷಾಯ, ಟಾನಿಕ್ಕಿನ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದು ವೈದ್ಯರಿಗೆ ತೋರಿಸಿ. "ಅದು ಔಷಧವಲ್ಲ, ಸುಮ್ಮನೆ ತೆಗೆದುಕೊಳ್ಳುವುದು" ಎಂದು ಜನ ಬಿಟ್ಟುಬಿಡುವ ಹೆಸರೇ ಎಷ್ಟೋ ಸಲ ಮುಖ್ಯವಾದುದಾಗಿರುತ್ತದೆ.

ಇನ್ನು, ಹೊಣೆ ಹೊತ್ತಿದ್ದೇನೆ ಎಂಬ ಹುಮ್ಮಸ್ಸಿನಲ್ಲಿ ಮನೆಯಲ್ಲೇ ನಿಭಾಯಿಸಬಾರದ ಸಂಗತಿಗಳೂ ಇವೆ. ಎದೆಯಲ್ಲಿ ಹಿಂಡಿದಂಥ ನೋವು, ಮುಖದ ಒಂದು ಪಕ್ಕ ಜೋತುಬೀಳುವುದು, ಒಂದು ಕೈಯಲ್ಲಿ ಬಲ ಉಡುಗುವುದು, ಮಾತು ತೊದಲುವುದು, ಹಠಾತ್ತನೆ ಉಸಿರು ಕಟ್ಟುವುದು ಕಂಡರೆ ಆಗ ನಿಮ್ಮ ಹೊಣೆ ಒಂದೇ: ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗುವುದು. "ಸ್ವಲ್ಪ ಹೊತ್ತು ನೋಡೋಣ" ಎಂದು ಕಾದು ಬಂದವರನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ದಯವಿಟ್ಟು ಆ ಲಕೋಟೆಯನ್ನು ಇಂದೇ ಒಡೆಯಿರಿ. ಒಬ್ಬರೇ ಒಡೆಯಲು ಆಗದಿದ್ದರೆ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

---

ಉತ್ತರ 2
ಹನ್ನೊಂದರಿಂದ ಇನ್ಸುಲಿನ್

ನಿಮ್ಮ ಅಣ್ಣ ಹೇಳಿದ ಗಾದೆಯನ್ನು ನಾನು ಹನ್ನೊಂದನೆಯ ವಯಸ್ಸಿನಲ್ಲಿ ಕೇಳಿದವಳು. ಆಗ ನನಗೆ ಟೈಪ್ 1 ಮಧುಮೇಹ ಬಂದಿತ್ತು. ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುವುದರಿಂದ ಬರುವ ಕಾಯಿಲೆ ಇದು. ಏನು ತಿಂದೆ, ಎಷ್ಟು ತಿಂದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೂ ಮನೆಗೆ ಬಂದವರೆಲ್ಲ "ಸಿಹಿ ಜಾಸ್ತಿ ತಿಂದಳೇನೋ" ಎಂದು ನನ್ನ ತಾಯಿಯನ್ನು ಕೇಳುತ್ತಿದ್ದರು. ನಾನು ಬಹಳ ದಿನ ಅದನ್ನೇ ನಂಬಿಕೊಂಡಿದ್ದೆ, ಕದ್ದು ತಿಂದ ಒಂದೊಂದು ಚೂರನ್ನೂ ನೆನಪಿಸಿಕೊಂಡು ರಾತ್ರಿ ಅಳುತ್ತಿದ್ದೆ.

ಈಗ ನನಗೆ 38. ನಿಮ್ಮ ಪ್ರಶ್ನೆಯ ಗೊಂದಲ ನಮ್ಮ ಭಾಷೆಯ ಒಂದು ಪದದಲ್ಲೇ ಅಡಗಿದೆ ಎಂದು ನನಗೆ ತೋರುತ್ತದೆ. "ಈ ಅನಾಹುತಕ್ಕೆ ಯಾರು ಹೊಣೆ?" ಎಂದೂ ಕೇಳುತ್ತೇವೆ, "ಆ ಮಗುವಿನ ಹೊಣೆ ಯಾರು ಹೊತ್ತರು?" ಎಂದೂ ಕೇಳುತ್ತೇವೆ. ಪದ ಒಂದೇ. ಮೊದಲನೆಯದು ಹಿಂದಕ್ಕೆ ತಿರುಗಿ ತಪ್ಪಿತಸ್ಥನನ್ನು ಹುಡುಕುತ್ತದೆ. ಎರಡನೆಯದು ಮುಂದೆ ಆಗಬೇಕಾದುದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳುತ್ತದೆ. ಅನಾಥ ಮಗುವನ್ನು ಎತ್ತಿಕೊಂಡವರನ್ನು ಆ ಮಗು ಅನಾಥವಾದುದಕ್ಕೆ ಕಾರಣರೆಂದು ಯಾರೂ ಅನ್ನುವುದಿಲ್ಲ. ನನ್ನ ಕಾಯಿಲೆಗೆ ಮೊದಲ ಅರ್ಥದಲ್ಲಿ ನಾನು ಕಿಂಚಿತ್ತೂ ಹೊಣೆಯಲ್ಲ; ಎರಡನೆಯ ಅರ್ಥದಲ್ಲಿ ಬಹುಪಾಲು ನಾನೇ ಹೊಣೆ, ಏಕೆಂದರೆ ರಾತ್ರಿ ಎರಡು ಗಂಟೆಗೆ ಸಕ್ಕರೆ ಕುಸಿದಾಗ ಎಚ್ಚರವಾಗಬೇಕಾದವಳು ನಾನೇ. ವೈದ್ಯರು ವರ್ಷದಲ್ಲಿ ನನ್ನನ್ನು ನೋಡುವುದು ಎಲ್ಲ ಸೇರಿ ಎರಡು ಗಂಟೆ ಇರಬಹುದು. ವರ್ಷಕ್ಕೆ 8,760 ಗಂಟೆ. ಉಳಿದವೆಲ್ಲ ನನ್ನ ಪಾಲಿನವು.

ಆ ಗಂಟೆಗಳು ಲೆಕ್ಕಕ್ಕೆ ಬರುತ್ತವೆ ಎನ್ನುವುದಕ್ಕೆ ಆಧಾರವಿದೆ. 1922ರಲ್ಲಿ ಟೊರೊಂಟೊದಲ್ಲಿ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚುಮದ್ದು ಪಡೆದ ಹುಡುಗನಿಗೆ 14 ವರ್ಷ. ಅದಕ್ಕಿಂತ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಬದುಕುವುದು ಸಾಧ್ಯವಾದ ಮೇಲೂ, ಸಕ್ಕರೆಯನ್ನು ದಿನದಿನವೂ ಹದವಾಗಿಟ್ಟುಕೊಂಡರೆ ಕಣ್ಣು ಮತ್ತು ಮೂತ್ರಪಿಂಡ ಉಳಿಯುತ್ತವೆಯೇ ಎಂಬುದು ಬಹುಕಾಲ ವಾದದ ವಿಷಯವಾಗಿತ್ತು. 1,441 ಜನರ ಮೇಲೆ ನಡೆದ ಅಧ್ಯಯನವೊಂದು 1993ರಲ್ಲಿ ಅದಕ್ಕೆ ಉತ್ತರ ಕೊಟ್ಟಿತು: ಬಿಗಿಯಾಗಿ ನೋಡಿಕೊಂಡವರಲ್ಲಿ, ಮೊದಲು ಕಣ್ಣಿಗೆ ಏನೂ ಆಗಿರದಿದ್ದರೆ, ಅಕ್ಷಿಪಟಲದ ತೊಂದರೆ ಹುಟ್ಟುವ ಸಾಧ್ಯತೆ ಶೇಕಡಾ 76ರಷ್ಟು ಇಳಿದಿತ್ತು.

ಅದೇ ಅಧ್ಯಯನದ ಇನ್ನೊಂದು ಫಲಿತಾಂಶವನ್ನು ನೀವು ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ. ಬಿಗಿಯಾಗಿ ನೋಡಿಕೊಂಡ ಅದೇ ಜನರಲ್ಲಿ ಸಕ್ಕರೆ ಅಪಾಯಕಾರಿಯಾಗಿ ಕುಸಿಯುವ ಘಟನೆಗಳು ಸುಮಾರು ಮೂರು ಪಟ್ಟಾಗಿದ್ದವು. ಬಿಗಿಗೂ ಒಂದು ಬೆಲೆಯಿದೆ. ನಾನು ಇಪ್ಪತ್ತರ ಹರೆಯದಲ್ಲಿ ಒಂದು ವರ್ಷ, ನಿಮ್ಮ ಆ ಹದಿನೇಳು ದಿನಗಳಂತೆಯೇ ಬದುಕಿದ್ದೆ. ಮಾಪಕದ ಪ್ರತಿ ಸಂಖ್ಯೆಯೂ ನನಗೆ ಕೊಟ್ಟ ಅಂಕದಂತೆ ಕಾಣುತ್ತಿತ್ತು. ನನ್ನನ್ನು ನೋಡಿಕೊಳ್ಳುತ್ತಿದ್ದ ವೈದ್ಯೆ ಒಂದು ದಿನ ನನ್ನ ಪುಸ್ತಕವನ್ನು ತಿರುವಿಹಾಕಿ, ಯಾವ ಸಂಖ್ಯೆಯ ಬಗ್ಗೆಯೂ ಒಳ್ಳೆಯದು, ಕೆಟ್ಟದ್ದು ಎನ್ನದೆ, "ಇದನ್ನು ನೋಡಿ ಮುಂದೇನು ಮಾಡಿದೆ?" ಎಂದಷ್ಟೇ ಕೇಳಿದರು. ಆ ಪ್ರಶ್ನೆಯನ್ನು ನಾನು ಇಂದಿಗೂ ಬಿಟ್ಟಿಲ್ಲ. ಸಂಖ್ಯೆ ನೋಡಿದ ಮೇಲೆ ಮಾಡಬೇಕಾದ್ದು ಏನೂ ಇಲ್ಲವೆಂದಾದರೆ ಆ ಸಂಖ್ಯೆಯನ್ನು ನೋಡುವುದೇ ಇಲ್ಲ.

---

ಉತ್ತರ 3
ರಾತ್ರಿಪಾಳಿ

ನಾನು ಚಿಕ್ಕದಾಗಿ ಒಂದೇ ವಿಷಯ ಸೇರಿಸುತ್ತೇನೆ. ನೀವು ಎಲ್ಲವನ್ನೂ ಒಂದೇ ರಾತ್ರಿ ಶುರುಮಾಡಿದ್ದೇ ಹದಿನೇಳನೆಯ ದಿನಕ್ಕೆ ಕೈಬಿಡಲು ಕಾರಣವಿರಬಹುದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರಿಗೆ ತಲಾ ಒಂದೇ ಒಂದು ಹೊಸ ರೂಢಿಯನ್ನು ಆರಿಸಿಕೊಳ್ಳಲು ಹೇಳಿ, ಅದು ಯೋಚಿಸದೆಯೇ ನಡೆಯುವಷ್ಟು ಮೈಗೂಡಲು ಎಷ್ಟು ದಿನ ಹಿಡಿಯುತ್ತದೆಂದು ನೋಡಿದ್ದರು. ಅದಕ್ಕೆ ಹಿಡಿದ ಕಾಲ 18 ದಿನಗಳಿಂದ 254 ದಿನಗಳವರೆಗೆ ಹರಡಿತ್ತು. ನಡುವಿನ ಸಂಖ್ಯೆ 66. ಒಂದು ದಿನ ತಪ್ಪಿದ್ದರಿಂದ ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯೂ ಆಗಿರಲಿಲ್ಲ. ಹದಿನೇಳು ದಿನಕ್ಕೆ ಬಿಟ್ಟವರು ಸೋತವರಲ್ಲ, ಇನ್ನೂ ದಾರಿಯ ಆರಂಭದಲ್ಲೇ ಇದ್ದವರು.

ನನಗೆ ವಾರದಲ್ಲಿ ನಾಲ್ಕು ರಾತ್ರಿ ಕೆಲಸ. ಪಾಳಿಯನ್ನು ಬದಲಿಸುವುದು ನನ್ನ ಕೈಯಲ್ಲಿಲ್ಲ. ಹಗಲಿನಲ್ಲಿ ಮಲಗುವ ಕೋಣೆಯನ್ನು ಕತ್ತಲಾಗಿಸುವುದು, ದೂರವಾಣಿಯನ್ನು ಬೇರೆ ಕೋಣೆಯಲ್ಲಿಡುವುದು, ಏಳು ಗಂಟೆಯ ನಿದ್ದೆಯನ್ನು ಯಾರ ಮುಲಾಜಿಗೂ ಬಿಟ್ಟುಕೊಡದಿರುವುದು ನನ್ನ ಕೈಯಲ್ಲಿದ್ದವು. ಒಂದು ವರ್ಷ ನಿದ್ದೆಯೊಂದನ್ನೇ ಹಿಡಿದೆ. ನೀವೂ ಹಾಗೆಯೇ ಒಂದನ್ನೇ ಹಿಡಿಯಿರಿ: ಮಾತ್ರೆಯನ್ನು ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲಿಡಿ. ಹಲ್ಲುಜ್ಜಿದ ಕೂಡಲೇ ಮಾತ್ರೆ. ಸದ್ಯಕ್ಕೆ ಅಷ್ಟು ಸಾಕು ಎಂದು ನನ್ನ ಸಲಹೆ.

---

ಉತ್ತರ 4
ಕಂಡಕ್ಟರನ ಮೆಟ್ಟಿಲು

ಮೇಲಿನ ಮೂವರೂ ಅಕ್ಕರೆಯಿಂದ ಬರೆದಿದ್ದಾರೆ, ಅವರ ಸಲಹೆಗಳನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ನಿಮ್ಮ ಎರಡನೆಯ ಪ್ರಶ್ನೆಯನ್ನು ಯಾರೂ ನೇರವಾಗಿ ಮುಟ್ಟಲಿಲ್ಲ. ಅದು ಮುಟ್ಟದೆ ಬಿಡಬಾರದ ಪ್ರಶ್ನೆ.

ಜೆರ‍್ರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ದಿನವಿಡೀ ಕುಳಿತಿರುವ ಚಾಲಕರಿಗಿಂತ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆಯಿತ್ತು. ವ್ಯಾಯಾಮದ ಮಹತ್ವ ಸಾರಲು ಈ ಅಧ್ಯಯನವನ್ನು ಎಲ್ಲರೂ ಉದಾಹರಿಸುತ್ತಾರೆ. ನನಗೆ ಅದರಲ್ಲಿ ಕಾಣುವುದು ಇನ್ನೊಂದು ಸಂಗತಿ. ಆ ಕಂಡಕ್ಟರುಗಳು ಬೆಳಿಗ್ಗೆ ಎದ್ದು ಸಂಕಲ್ಪ ಮಾಡಿದವರಲ್ಲ, ಹೆಜ್ಜೆ ಎಣಿಸಿದವರಲ್ಲ. ಅವರ ಕೆಲಸವೇ ಅವರನ್ನು ಮೆಟ್ಟಿಲು ಹತ್ತಿಸುತ್ತಿತ್ತು, ಚಾಲಕರ ಕೆಲಸ ಅವರನ್ನು ಕೂರಿಸುತ್ತಿತ್ತು. ಹತ್ತು ಗಂಟೆ ಕುರ್ಚಿಯಲ್ಲಿರುವ ನೀವು ಅದನ್ನು ಬಾಯಿಬಿಟ್ಟು ಹೇಳಿದರೆ ಅದು ನೆಪವಲ್ಲ, ಕಾರಣಗಳಲ್ಲಿ ಒಂದು.

ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ ನಡೆಸಿದ ವೈಟ್‌ಹಾಲ್ ಅಧ್ಯಯನ ಇದಕ್ಕಿಂತಲೂ ಕಟುವಾದುದನ್ನು ತೋರಿಸಿತು. ಅಲ್ಲಿ ಎಲ್ಲರಿಗೂ ಭದ್ರವಾದ ಉದ್ಯೋಗವಿತ್ತು. ಆದರೂ ಅತ್ಯಂತ ಕೆಳದರ್ಜೆಯವರಲ್ಲಿ ಹೃದ್ರೋಗದ ಸಾವು ಅತಿ ಮೇಲ್ದರ್ಜೆಯವರಿಗಿಂತ ಮೂರು ಪಟ್ಟಿಗೂ ಹೆಚ್ಚಿತ್ತು. ಧೂಮಪಾನ, ರಕ್ತದೊತ್ತಡ, ಕೊಲೆಸ್ಟರಾಲ್ ಇವನ್ನೆಲ್ಲ ಲೆಕ್ಕದಲ್ಲಿ ಸೇರಿಸಿದ ಮೇಲೂ ಆ ಅಂತರದ ದೊಡ್ಡ ಭಾಗ ಹಾಗೆಯೇ ಉಳಿಯಿತು. ಕೆಳಗಿನ ಮೆಟ್ಟಿಲಿನವನಿಗೆ ಬರೀ "ನಿನ್ನ ಆರೋಗ್ಯ ನಿನ್ನ ಕೈಯಲ್ಲಿ" ಎಂದರೆ ಅದು ಅರ್ಧ ಸತ್ಯವೂ ಅಲ್ಲ.

ಶುಶ್ರೂಷಕಿಯವರು ಹೇಳಿದ ಆ ಶೇಕಡಾ 58ರ ಅಧ್ಯಯನವನ್ನೇ ನೋಡಿ. ಅದರಲ್ಲಿ ಗೆದ್ದವರನ್ನು "ನಡೆಯಿರಿ, ತೂಕ ಇಳಿಸಿ" ಎಂದು ಹೇಳಿ ಮನೆಗೆ ಕಳುಹಿಸಿರಲಿಲ್ಲ. ಪ್ರತಿಯೊಬ್ಬರಿಗೂ ಒಬ್ಬ ಮಾರ್ಗದರ್ಶಕರಿದ್ದರು; ಮೊದಲ 24 ವಾರಗಳಲ್ಲಿ 16 ಪಾಠಗಳನ್ನು ಎದುರುಬದುರು ಕುಳಿತು ಹೇಳಿಕೊಟ್ಟರು; ಆಮೇಲೂ ಕೈಬಿಡಲಿಲ್ಲ. ಆ 58ರಲ್ಲಿ ಎಷ್ಟು ರೋಗಿಯ ಇಚ್ಛಾಶಕ್ತಿ, ಎಷ್ಟು ಮಾರ್ಗದರ್ಶಕರ ಒತ್ತಾಸೆ ಎಂದು ಬೇರೆ ಮಾಡಲಾಗದು. ನೀವು ಹದಿನೇಳು ದಿನ ಒಬ್ಬರೇ ಮಾಡಿದ್ದನ್ನು ಅವರು ಯಾರೂ ಒಬ್ಬರೇ ಮಾಡಲಿಲ್ಲ.

ಪ್ರಾಥಮಿಕ ಆರೋಗ್ಯಸೇವೆಯ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ಹೊರಡಿಸಿದ 1978ರ ಆಲ್ಮಾ ಆಟಾ ಘೋಷಣೆ, ಜನರು ತಮ್ಮ ಆರೋಗ್ಯಸೇವೆಯನ್ನು ರೂಪಿಸುವುದರಲ್ಲಿ ಮತ್ತು ನಡೆಸುವುದರಲ್ಲಿ ಪಾಲ್ಗೊಳ್ಳುವುದು ಅವರ ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದಿತು, ಮತ್ತು ಅದನ್ನು ಒಬ್ಬೊಬ್ಬರಾಗಿಯೂ ಒಟ್ಟಾಗಿಯೂ ಎಂದು ಬಿಡಿಸಿ ಹೇಳಿತು. ಆ "ಒಟ್ಟಾಗಿಯೂ" ಎಂಬ ಪದ ನಮ್ಮ ಮಾತಿನಿಂದ ಬಹುಬೇಗ ಕಳಚಿಹೋಗುತ್ತದೆ. ನಿಮ್ಮ ಲೆಕ್ಕದಲ್ಲಿ ಅದನ್ನು ಮರಳಿ ಸೇರಿಸಿ. ಕೆಲಸದ ಜಾಗದಲ್ಲಿ ಗಂಟೆಗೊಮ್ಮೆ ಎದ್ದು ಓಡಾಡಲು ಅವಕಾಶ ಕೇಳುವುದೂ ಹೊಣೆ ಹೊರುವುದೇ. ಅಡುಗೆಯ ಉಪ್ಪು ಇಳಿಯಬೇಕಾದರೆ, ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಎಂಬ ಮಿತಿಗೆ ಬರಬೇಕಾದರೆ, ನಿಮಗೊಬ್ಬರಿಗೆ ಬೇರೆ ಪಾತ್ರೆಯಿಟ್ಟು ಆಗುವುದಿಲ್ಲ; ಇಡೀ ಮನೆ ಒಪ್ಪಬೇಕು. ಗಾದೆ ಹೇಳಿದ ಅಣ್ಣನನ್ನೇ ಸಂಜೆಯ ನಡಿಗೆಗೆ ಕರೆಯಿರಿ.

---

ಉತ್ತರ 4ಕ್ಕೆ ಪ್ರತಿಕ್ರಿಯೆ
ಹನ್ನೊಂದರಿಂದ ಇನ್ಸುಲಿನ್

ಮಾರ್ಗದರ್ಶಕರ ಬಗ್ಗೆ ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ನಾನು ಬರೆದ ಅಧ್ಯಯನದಲ್ಲೂ ಬಿಗಿ ಚಿಕಿತ್ಸೆಯ ಗುಂಪಿನವರಿಗೆ ತಂಡದ ಬೆಂಬಲ ಸದಾ ಇತ್ತು, ಅದನ್ನು ನಾನು ಹೇಳಬೇಕಿತ್ತು. ಒಂದು ಕಡೆ ಮಾತ್ರ ನನಗೆ ಅಂಜಿಕೆಯಿದೆ. ಸಮಾಜ ಬದಲಾಗುವವರೆಗೆ ನನ್ನ ಸಕ್ಕರೆ ಕಾಯುವುದಿಲ್ಲ. ವ್ಯವಸ್ಥೆಯ ತಪ್ಪನ್ನು ಸರಿಯಾಗಿ ಗುರುತಿಸಿದ ನನ್ನ ಆಪ್ತರೊಬ್ಬರು, ಗುರುತಿಸಿದ್ದರಲ್ಲೇ ಸಮಾಧಾನ ಕಂಡು, ಕಣ್ಣಿನ ವಾರ್ಷಿಕ ಪರೀಕ್ಷೆಯನ್ನು ಆರು ವರ್ಷ ಮುಂದೂಡಿದರು. ಅಕ್ಷಿಪಟಲದ ತೊಂದರೆ ಆರಂಭದಲ್ಲಿ ನೋಯುವುದಿಲ್ಲ, ಮಸುಕಾಗುವುದೂ ಇಲ್ಲ. ಗೊತ್ತಾಗುವ ಹೊತ್ತಿಗೆ ಬಹಳಷ್ಟು ಆಗಿಹೋಗಿರುತ್ತದೆ. ಅವರ ವಾದದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ಒಂದು ಕಣ್ಣಿನ ದೃಷ್ಟಿ ಹೋಯಿತು.

---

ಪ್ರಶ್ನೆ ಕೇಳಿದವರ ಮರುಮಾತು
ಹೊಸ್ತಿಲಲ್ಲಿ ನಿಂತವನು

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮಿಸಿ. ಎಲ್ಲರ ಉತ್ತರಗಳನ್ನೂ ಒಂದಕ್ಕಿಂತ ಹೆಚ್ಚು ಬಾರಿ ಓದಿದೆ.

ಲಕೋಟೆಯನ್ನು ಅಂದೇ ರಾತ್ರಿ ಹೆಂಡತಿಯ ಎದುರು ಒಡೆದೆ. ಕೊಲೆಸ್ಟರಾಲ್ ತುಸು ಹೆಚ್ಚಿತ್ತು, ನಾನು ಹೆದರಿದಷ್ಟಿರಲಿಲ್ಲ. ಇಷ್ಟು ದಿನ ಹೊತ್ತು ತಿರುಗಿದ ಭಯ ಆ ಕಾಗದಕ್ಕಿಂತ ಬಹಳ ಭಾರವಾಗಿತ್ತು.

ನೋವಿನ ಮಾತ್ರೆಯ ಬಗ್ಗೆ ಶುಶ್ರೂಷಕಿಯವರು ಕೇಳಿದ್ದನ್ನು ಓದಿ ನಾನು ದಂಗಾದೆ. ವಾರದಲ್ಲಿ ನಾಲ್ಕೈದು ದಿನ, ಸುಮಾರು ಎಂಟು ತಿಂಗಳಿಂದ ನಾನಾಗಿಯೇ ಡೈಕ್ಲೊಫೆನಾಕ್ ನುಂಗುತ್ತಿದ್ದೆ, ರಕ್ತದೊತ್ತಡ ನೋಡಿದ ದಿನ ವೈದ್ಯರು "ಬೇರೆ ಔಷಧವೇನಾದರೂ?" ಎಂದು ಕೇಳಿದಾಗ "ಏನೂ ಇಲ್ಲ" ಎಂದಿದ್ದೆ. ಸುಳ್ಳು ಹೇಳುವ ಉದ್ದೇಶ ಇರಲಿಲ್ಲ, ಅದು ಔಷಧವೆಂದು ನನಗೆ ಹೊಳೆದೇ ಇರಲಿಲ್ಲ. ಚೀಟಿ ಬರೆದು ತೆಗೆದುಕೊಂಡು ಹೋದೆ. ಮಾತ್ರೆ ತಪ್ಪಿಸಿದ ದಿನಗಳನ್ನೂ ಹೇಳಿದೆ. ವೈದ್ಯರು ಗದರಲಿಲ್ಲ, ನೋವಿನ ಮಾತ್ರೆ ನಿಲ್ಲಿಸಿ, ಬೆನ್ನಿಗೆ ವ್ಯಾಯಾಮ ಚಿಕಿತ್ಸೆಗೆ ಕಳುಹಿಸಿದರು, ಒತ್ತಡದ ಮಾತ್ರೆಯ ಪ್ರಮಾಣ ಹೆಚ್ಚಿಸುವ ಯೋಚನೆಯಿತ್ತು, ಈಗ ಕಾದು ನೋಡೋಣ ಎಂದರು. ಒತ್ತಡದ ಮಾತ್ರೆ ಈಗ ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲಿದೆ. ಈ ಮೂರು ವಾರಗಳಲ್ಲಿ ಒಮ್ಮೆ ಮಾತ್ರ ತಪ್ಪಿದೆ, ಅಂದು ನಾನು ಪ್ರಯಾಣದಲ್ಲಿದ್ದೆ.

ಆ್ಯಪ್‌ಗಳಲ್ಲಿ ಮೂರನ್ನು ಅಳಿಸಿದೆ. ಕಚೇರಿಯಲ್ಲಿ ಎದ್ದು ಓಡಾಡುವ ವಿಷಯ ಕೇಳಲು ಇನ್ನೂ ಬಾಯಿ ಬಂದಿಲ್ಲ; ಅದು ಬಾಕಿಯಿದೆ. ಅಣ್ಣ ನಡಿಗೆಗೆ ಬರುತ್ತಿದ್ದಾನೆ, ವಾರಕ್ಕೆ ನಾಲ್ಕು ಸಂಜೆ, ಸುಮಾರು ಮುಕ್ಕಾಲು ಗಂಟೆ. ಗಾದೆಯ ವಿಷಯ ಇಬ್ಬರೂ ಎತ್ತಿಲ್ಲ. ಮೊನ್ನೆ ಅವನಾಗಿಯೇ ತೋಳು ಚಾಚಿ, "ನನ್ನದೂ ಒಮ್ಮೆ ನೋಡು" ಎಂದ. 158/98 ಬಂತು. ಐದು ನಿಮಿಷ ಕೂರಿಸಿ ಮತ್ತೆ ನೋಡಿದಾಗ 154/96. ಅವನು ಒಂದೂ ಮಾತಾಡಲಿಲ್ಲ. ಆ ಮೌನ ನನಗೆ ಚೆನ್ನಾಗಿ ಪರಿಚಿತವಾದುದರಿಂದ ನಾನೂ ಏನೂ ಅನ್ನದೆ, ನಾಳೆ ಬೆಳಿಗ್ಗೆ ಮತ್ತೆ ನೋಡೋಣ, ಏಳು ದಿನ ಬರೆಯೋಣ, ಆಮೇಲೆ ಜೊತೆಗೇ ವೈದ್ಯರ ಬಳಿ ಹೋಗೋಣ ಎಂದೆ.

ಶುಶ್ರೂಷಕಿಯವರಲ್ಲಿ ಒಂದು ಪ್ರಶ್ನೆ. ಅಣ್ಣನ ತೋಳು ನನ್ನದಕ್ಕಿಂತ ಬಹಳ ದಪ್ಪ. ನನ್ನ ಯಂತ್ರದ ಪಟ್ಟಿ ಅವನಿಗೆ ಬಿಗಿಯಾಗಿ, ತುದಿಯಲ್ಲಿ ಅಷ್ಟೇ ಅಂಟಿಕೊಳ್ಳುತ್ತದೆ. ಅದರಿಂದ ಸಂಖ್ಯೆ ವ್ಯತ್ಯಾಸವಾಗುತ್ತದೆಯೇ?

---

ನಿವೃತ್ತ ಶುಶ್ರೂಷಕಿ

ಖಂಡಿತ ಆಗುತ್ತದೆ. ಪಟ್ಟಿ ಚಿಕ್ಕದಾದರೆ ಒತ್ತಡ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಸುಮಾರು ಶೇಕಡಾ 80ರಷ್ಟನ್ನು ಸುತ್ತುವಂತಿರಬೇಕು. ಭುಜ ಮತ್ತು ಮೊಣಕೈಯ ನಡುಮಧ್ಯದಲ್ಲಿ ಅಳತೆ ಪಟ್ಟಿಯಿಂದ ಅವರ ತೋಳಿನ ಸುತ್ತಳತೆ ನೋಡಿ; ಯಂತ್ರದ ಪಟ್ಟಿಯ ಮೇಲೆ ಅದು ಎಷ್ಟರಿಂದ ಎಷ್ಟು ಸೆಂಟಿಮೀಟರ್ ತೋಳಿಗೆ ಎಂದು ಮುದ್ರಿಸಿರುತ್ತಾರೆ. ಹೊಂದದಿದ್ದರೆ ಅದೇ ಯಂತ್ರಕ್ಕೆ ದೊಡ್ಡ ಪಟ್ಟಿ ತರಿಸಿ. ಅದು ಬರುವವರೆಗೆ ಕಾಯದೆ ಅವರನ್ನು ಈ ವಾರವೇ ವೈದ್ಯರ ಬಳಿ ಕರೆದುಕೊಂಡು ಹೋಗಿ; ಸರಿಯಾದ ಪಟ್ಟಿಯಲ್ಲಿ ಅಲ್ಲೇ ನೋಡುತ್ತಾರೆ. ನಿಮ್ಮ ತಾಯಿಗೂ ರಕ್ತದೊತ್ತಡವಿತ್ತು ಎಂದು ಇಬ್ಬರಲ್ಲಿ ಒಬ್ಬರು ಅಲ್ಲಿ ಹೇಳಿ.